ಸಂದೇಶ ತಲುಪದವರ ಲೆಕ್ಕ

ಮಾನ್ಯ ಸಂಪಾದಕರೇ,

ಶಿರಸಿಯ ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ನೇರವಾದ ಒಂದು ಪ್ರಶ್ನೆ ಕೇಳಿದ್ದಾರೆ. ದೇವರು ನ್ಯಾಯವಂತನೆಂದು ಮುಸ್ಲಿಮರು ನಂಬುವುದಾದರೆ, ಬೇರೆ ಧರ್ಮದವರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಒಬ್ಬನನ್ನು ನರಕಕ್ಕೆ ತಳ್ಳುವುದು ಯಾವ ನ್ಯಾಯ ಎಂಬುದು ಆ ಪ್ರಶ್ನೆ. ಅದಕ್ಕೆ ಬಂದ ಎರಡು ಉತ್ತರಗಳನ್ನೂ ಓದಿದೆ. ಎಲ್ಲ ಧರ್ಮವೂ ಒಂದೇ, ಇಂಥ ಚರ್ಚೆಯೇ ಬೇಡ ಎಂದು ಒಬ್ಬರು ಮಾತು ಮುಗಿಸಿದರು. ಇಸ್ಲಾಮಿನ ದೇವರು ಮುಸ್ಲಿಮರಿಗೆ ಮಾತ್ರ ಎಂದು ಇನ್ನೊಬ್ಬರು ಷರಾ ಬರೆದರು. ಪ್ರಶ್ನೆ ಹಾಗೆಯೇ ಉಳಿಯಿತು. ಕುರ್‌ಆನನ್ನು ನಂಬಿ ಬದುಕುವವನಾಗಿ, ಬಹಳ ಕಾಲ ಶಾಲೆಯಲ್ಲಿ ಪಾಠ ಹೇಳಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಹುಟ್ಟು ಯಾರ ಕೈಯಲ್ಲೂ ಇಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿರುವ ಸಿದ್ದಿ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆಫ್ರಿಕಾದಿಂದ ತರಲ್ಪಟ್ಟ ಅವರ ಪೂರ್ವಿಕರು ಯಾವ ಒಡೆಯರ ಕೈಕೆಳಗಿದ್ದರು, ಯಾವ ಸೀಮೆಯಲ್ಲಿ ನೆಲೆ ನಿಂತರು ಎಂಬುದರ ಮೇಲೆ ಬಹುಮಟ್ಟಿಗೆ ಈ ವಿಂಗಡಣೆ ಆಯಿತು. 2003ರಲ್ಲಿ ಸರ್ಕಾರ ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದಾಗ ಮೂರು ಧರ್ಮದವರನ್ನೂ ಒಂದೇ ಬುಡಕಟ್ಟೆಂದು ಎಣಿಸಿತು. ದೇವರ ಎಣಿಕೆ ಸರ್ಕಾರದ ಎಣಿಕೆಗಿಂತ ಸಂಕುಚಿತವಾಗಿರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಸಿಟ್ಟಾಗುವುದಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ.

ಇದು ಇಸ್ಲಾಮಿಗೆ ಮಾತ್ರ ಅಂಟಿಕೊಂಡ ಪ್ರಶ್ನೆಯೂ ಅಲ್ಲ. ಶಿರಸಿಯವರಿಗೆ ಸೋಂದೆ ದೂರವಲ್ಲ. ವಾದಿರಾಜರ ಬೃಂದಾವನವಿರುವ ಮಾಧ್ವ ಮಠ, ಅದ್ವೈತದ ಸ್ವರ್ಣವಲ್ಲೀ ಮಠ, ಸ್ವಾದಿ ಜೈನ ಮಠ ಮೂರೂ ಅದೇ ಪರಿಸರದಲ್ಲಿವೆ. ಯಾರಿಗೆ ಮುಕ್ತಿ ಎಂದು ಕೇಳಿದರೆ ಮೂರು ಸಂಪ್ರದಾಯಗಳೂ ಮೂರು ಬಗೆಯಲ್ಲಿ ಉತ್ತರಿಸುತ್ತವೆ. ಮಧ್ವಮತದಲ್ಲಿ ಜೀವರು ಸ್ವಭಾವದಿಂದಲೇ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ತೆರ. ಜೈನರಲ್ಲಿ ಭವ್ಯ ಜೀವ, ಅಭವ್ಯ ಜೀವ ಎಂಬ ಭೇದವಿದ್ದು ಅಭವ್ಯನಿಗೆ ಮೋಕ್ಷವೇ ಇಲ್ಲ. ಅದ್ವೈತದಲ್ಲಿ ಜ್ಞಾನ ಉದಯಿಸಿದವನಿಗೆ ಬಿಡುಗಡೆ, ಉದಯಿಸದವನಿಗೆ ಮತ್ತೆ ಜನ್ಮ. ಕೆಥೋಲಿಕ್ ಸಭೆಯು ಹದಿನೈದನೆಯ ಶತಮಾನದಲ್ಲಿ ಫ್ಲಾರೆನ್ಸಿನಲ್ಲಿ ಸೇರಿದಾಗ ತನ್ನ ಹೊರಗಿನವರಿಗೆ ರಕ್ಷಣೆಯಿಲ್ಲ ಎಂದು ಕಟುವಾಗಿ ಸಾರಿತ್ತು; 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸಂದೇಶವನ್ನು ಅರಿಯದೆ ಹೋದರೂ ಪ್ರಾಮಾಣಿಕವಾಗಿ ದೇವರನ್ನು ಅರಸಿದವರಿಗೆ ರಕ್ಷಣೆ ಸಾಧ್ಯ ಎಂದು ಹೇಳಿತು. ಯಾವ ಮನೆಯವರೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಇಸ್ಲಾಮಿನಲ್ಲಿ ಪ್ರಶ್ನೆ ಇನ್ನಷ್ಟು ಹರಿತವಾಗುವುದಕ್ಕೆ ಒಂದು ಕಾರಣವಿದೆ. ಪುನರ್ಜನ್ಮವನ್ನು ಒಪ್ಪುವವರಲ್ಲಿ ಹುಟ್ಟಿನ ಏರುಪೇರಿಗೆ ಹಿಂದಿನ ಜನ್ಮದ ಕರ್ಮ ಸಮಾಧಾನ ಹೇಳುತ್ತದೆ, ಮುಂದಿನ ಜನ್ಮ ಇನ್ನೊಂದು ಅವಕಾಶ ಕೊಡುತ್ತದೆ. ನಮ್ಮಲ್ಲಿ ಎರಡೂ ಇಲ್ಲ. ಇರುವುದು ಒಂದೇ ಬದುಕು, ಆಮೇಲೆ ಒಂದೇ ವಿಚಾರಣೆ. ಹಿಂದಿನ ಜನ್ಮವೇ ಇಲ್ಲವೆಂದ ಮೇಲೆ ಭಟ್ಕಳದ ನವಾಯತ ಮುಸ್ಲಿಮರ ಮನೆಯಲ್ಲೋ, ಸಿದ್ದಾಪುರದ ಹವ್ಯಕ ಮನೆಯಲ್ಲೋ, ಕಾರವಾರದ ಕ್ರೈಸ್ತ ಮನೆಯಲ್ಲೋ ಮಗು ಹುಟ್ಟಿದ್ದರ ಹೊಣೆ ಪೂರ್ತಿಯಾಗಿ ಹುಟ್ಟಿಸಿದವನದು. ಆ ಹೊಣೆಯನ್ನು ಮಗುವಿನ ತಲೆಗೆ ಕಟ್ಟಿದರೆ ಅವನನ್ನು ನ್ಯಾಯವಂತ ಎನ್ನಲಾಗದು. ಆದ್ದರಿಂದ ಇಸ್ಲಾಮಿನ ಒಳಗೆ ನಿಂತು ನ್ಯಾಯದ ಮಾತಾಡುವವನಿಗೆ ಒಂದೇ ದಾರಿ ಉಳಿಯುತ್ತದೆ. ಯಾರಿಗೆ ಎಷ್ಟು ತಲುಪಿದೆಯೋ ಅಷ್ಟಕ್ಕೆ ಮಾತ್ರ ಲೆಕ್ಕ ಕೇಳಲಾಗುತ್ತದೆ ಎಂದು ಅವನು ಹೇಳಬೇಕು. ಕುರ್‌ಆನ್ ಹೇಳುವುದೂ ಅದನ್ನೇ.

ಹದಿನೇಳನೆಯ ಅಧ್ಯಾಯದ 15ನೇ ಸೂಕ್ತದಲ್ಲಿ ಎರಡು ಮಾತು ಒಟ್ಟಿಗೆ ಬಂದಿವೆ: ಒಬ್ಬನ ಭಾರವನ್ನು ಇನ್ನೊಬ್ಬ ಹೊರುವುದಿಲ್ಲ, ಸಂದೇಶವಾಹಕನನ್ನು ಕಳುಹಿಸದೆ ನಾವು ಯಾರನ್ನೂ ಶಿಕ್ಷಿಸುವುದಿಲ್ಲ. ಅರವತ್ತೇಳನೆಯ ಅಧ್ಯಾಯದಲ್ಲಿ ನರಕದ ಕಾವಲುಗಾರರು ಒಳಬರುವ ಪ್ರತಿ ಗುಂಪನ್ನೂ, ಎಚ್ಚರಿಸುವವರು ಯಾರೂ ನಿಮ್ಮ ಬಳಿ ಬರಲಿಲ್ಲವೇ ಎಂದು ಕೇಳುತ್ತಾರೆ. ಬಂದಿದ್ದರು, ನಾವೇ ಸುಳ್ಳೆಂದೆವು ಎಂಬ ಉತ್ತರ ಅವರ ಬಾಯಿಂದಲೇ ಬರುತ್ತದೆ. ದೇವರ ಮುಂದೆ ಜನರಿಗೆ ಯಾವ ನೆಪವೂ ಉಳಿಯಬಾರದೆಂದೇ ಪ್ರವಾದಿಗಳು ಬಂದರು ಎಂದು ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಹೊನ್ನಾವರದ ಕೋರ್ಟಿನಲ್ಲಿ ಒಂದು ಜಮೀನಿನ ದಾವೆ ನಡೆದರೂ ಪ್ರತಿವಾದಿಗೆ ಸಮನ್ಸ್ ಜಾರಿಯಾಗದೆ ಏಕಪಕ್ಷೀಯ ತೀರ್ಪು ಕೊಡುವಂತಿಲ್ಲ. ಸಮನ್ಸ್ ತಪ್ಪು ವಿಳಾಸಕ್ಕೆ ಹೋಗಿತ್ತು ಎಂದು ತೋರಿಸಿದರೆ ಕೊಟ್ಟ ತೀರ್ಪನ್ನೂ ರದ್ದು ಮಾಡಿಸಬಹುದು. ಮನುಷ್ಯರು ಮಾಡಿದ ಕಾನೂನಿಗೆ ಇರುವ ಈ ಸೂಕ್ಷ್ಮ ದೇವರ ನ್ಯಾಯಕ್ಕೆ ಇಲ್ಲವೆಂದು ಕುರ್‌ಆನ್ ಎಲ್ಲಿಯೂ ಹೇಳಿಲ್ಲ.

ಹಾಗೆಂದು ಕಠಿಣವಾದ ಮಾತುಗಳನ್ನು ಬಚ್ಚಿಟ್ಟು ಸಿಹಿಯಾದದ್ದನ್ನು ಮಾತ್ರ ಬಡಿಸುವುದು ಸರಿಯಲ್ಲ. ಎಲ್ಲವೂ ಒಂದೇ ಎನ್ನುವ ನಮ್ಮ ಮಿತ್ರರು ಅದನ್ನೇ ಮಾಡುತ್ತಾರೆ. ಸಭೆಯಲ್ಲಿ ಚಪ್ಪಾಳೆ ಬರುತ್ತದೆ, ಮನೆಗೆ ಹೋಗಿ ಪುಸ್ತಕ ತೆರೆದವನಿಗೆ ಬೇರೆಯದೇ ಕಾಣಿಸುತ್ತದೆ. ಇಸ್ಲಾಮನ್ನು ಬಿಟ್ಟು ಬೇರೆ ಧರ್ಮವನ್ನು ಅರಸಿದವನಿಂದ ಅದು ಸ್ವೀಕೃತವಾಗದು ಎಂದು ಮೂರನೆಯ ಅಧ್ಯಾಯದ 85ನೇ ಸೂಕ್ತದಲ್ಲಿದೆ. ದೇವರಿಗೆ ಸಹಭಾಗಿಗಳನ್ನು ಕಲ್ಪಿಸುವುದನ್ನು ಅವನು ಕ್ಷಮಿಸುವುದಿಲ್ಲ, ಉಳಿದುದನ್ನು ತಾನಿಚ್ಛಿಸಿದವರಿಗೆ ಕ್ಷಮಿಸುತ್ತಾನೆ ಎಂದು ನಾಲ್ಕನೆಯ ಅಧ್ಯಾಯದ 48ರಲ್ಲಿದೆ. ಇನ್ನೊಂದೆಡೆ, ವಿಶ್ವಾಸಿಗಳು, ಯಹೂದಿಗಳು, ಕ್ರೈಸ್ತರು, ಸಾಬಿಗಳೆಂಬ ಪ್ರಾಚೀನ ಮತದವರು ಇವರಲ್ಲಿ ಯಾರು ದೇವರನ್ನೂ ಅಂತ್ಯದಿನವನ್ನೂ ನಂಬಿ ಸತ್ಕರ್ಮ ಮಾಡಿದರೋ ಅವರಿಗೆ ಭಯವಿಲ್ಲ ಎಂಬ ಎರಡನೆಯ ಅಧ್ಯಾಯದ 62ನೇ ಸೂಕ್ತವೂ ಇದೆ. ಇದು ಪ್ರವಾದಿ ಮುಹಮ್ಮದರಿಗಿಂತ ಮೊದಲಿನವರ ಕುರಿತದ್ದೆಂದು ಹಳೆಯ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ನಾನೂ ಆ ಸೂಕ್ತವೊಂದನ್ನೇ ಹಿಡಿದು ಇಡೀ ವಾದವನ್ನು ಅದರ ಮೇಲೆ ನಿಲ್ಲಿಸಲಾರೆ. ಈ ಸೂಕ್ತಗಳೆಲ್ಲ ಯಾರನ್ನು ಉದ್ದೇಶಿಸಿವೆ, ಅರಿತು ನಿರಾಕರಿಸಿದವನನ್ನೋ ಅರಿವೇ ತಲುಪದವನನ್ನೋ ಎಂಬುದು ಮುಖ್ಯ.

ಇದನ್ನು ನನಗೆ ತಿಳಿದಂತೆ ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವರು ಇಮಾಮ್ ಗಝಾಲಿ. 1058ರಲ್ಲಿ ಈಗಿನ ಇರಾನಿನ ತೂಸ್‌ನಲ್ಲಿ ಹುಟ್ಟಿ, ಬಾಗ್ದಾದಿನ ನಿಝಾಮಿಯಾ ವಿದ್ಯಾಲಯದಲ್ಲಿ ಪಾಠ ಹೇಳಿ, 1111ರಲ್ಲಿ ತೀರಿಕೊಂಡ ಶಾಫಿಈ ಪಂಥದ ಈ ವಿದ್ವಾಂಸರನ್ನು ಉದಾರವಾದಿ ಎಂದು ಯಾರೂ ತಳ್ಳಿಹಾಕಲಾರರು. ಸಂಪ್ರದಾಯಸ್ಥ ಉಲಮಾಗಳೇ ಅವರಿಗೆ 'ಇಸ್ಲಾಮಿನ ಪ್ರಮಾಣ' ಎಂಬ ಬಿರುದು ಕೊಟ್ಟಿದ್ದಾರೆ. ಯಾರನ್ನು ಧರ್ಮಬಾಹಿರರೆನ್ನಬಹುದು, ಯಾರನ್ನು ಎನ್ನಬಾರದು ಎಂಬುದನ್ನು ಕುರಿತ ತಮ್ಮ ಚಿಕ್ಕ ಗ್ರಂಥದಲ್ಲಿ ಅವರು ತಮ್ಮ ಕಾಲದ ರೂಮಿನ, ಅಂದರೆ ಬೈಜಾಂಟಿಯಮ್ ಸಾಮ್ರಾಜ್ಯದ, ಕ್ರೈಸ್ತರನ್ನೂ ದೂರದ ತುರ್ಕರನ್ನೂ ಎದುರಿಗಿಟ್ಟುಕೊಂಡು ಮೂರು ವರ್ಗ ಮಾಡುತ್ತಾರೆ. ಪ್ರವಾದಿಯ ಹೆಸರನ್ನೇ ಕೇಳದವರು ಮೊದಲನೆಯವರು, ಅವರಿಗೆ ವಿನಾಯಿತಿ. ಪ್ರವಾದಿಯ ಹೆಸರು, ಗುಣ, ಅವರ ಸತ್ಯಕ್ಕೆ ಇದ್ದ ಸಾಕ್ಷ್ಯ ಎಲ್ಲವನ್ನೂ ಬಲ್ಲ, ಮುಸ್ಲಿಮರ ನಡುವೆಯೇ ಇದ್ದು ತಿಳಿದೂ ತಿರಸ್ಕರಿಸಿದವರು ಎರಡನೆಯವರು. ಹೊಣೆ ಇವರ ಮೇಲಿದೆ. ಇವೆರಡರ ನಡುವೆ ಇನ್ನೊಂದು ವರ್ಗವಿದೆ. ಅವರು ಪ್ರವಾದಿಯ ಹೆಸರು ಕೇಳಿದ್ದಾರೆ, ಆದರೆ ಮುಹಮ್ಮದ್ ಎಂಬ ಸುಳ್ಳುಗಾರನೊಬ್ಬ ತಾನು ಪ್ರವಾದಿಯೆಂದು ಹೇಳಿಕೊಂಡ ಎಂದೇ ಬಾಲ್ಯದಿಂದ ಕೇಳಿದ್ದಾರೆ. ಇವರು ಮೊದಲನೆಯ ವರ್ಗದವರಂತೆಯೇ ಎನ್ನುತ್ತಾರೆ ಗಝಾಲಿ, ಏಕೆಂದರೆ ಕೇಳಿದ ಮಾತು ವಸ್ತುವಿಗೆ ವಿರುದ್ಧವಾದ ಚಿತ್ರವನ್ನು ಕೊಟ್ಟಿತ್ತೇ ವಿನಾ ಹುಡುಕಿ ನೋಡುವ ಪ್ರೇರಣೆಯನ್ನು ಹುಟ್ಟಿಸಲಿಲ್ಲ. ತಲುಪಿದ ಮೇಲೆ ಪ್ರಾಮಾಣಿಕವಾಗಿ ಅರಸುತ್ತಿದ್ದಾಗಲೇ ಸಾವು ಬಂದವನಿಗೂ ಕ್ಷಮೆಯಿದೆ ಎಂದು ಅವರು ಸೇರಿಸುತ್ತಾರೆ. ಆ ಕಾಲದ ಕ್ರೈಸ್ತರಲ್ಲೂ ತುರ್ಕರಲ್ಲೂ ಹೆಚ್ಚಿನವರು ದೇವರ ಕರುಣೆಗೆ ಒಳಗಾಗುವರು ಎಂಬುದು ಅವರ ಆಶಯ. ಇದನ್ನು ಬರೆಯುವಾಗ ಮೊದಲನೆಯ ಶಿಲುಬೆಯ ಯುದ್ಧದ ಸೇನೆ ಜೆರುಸಲೇಮನ್ನು ವಶಪಡಿಸಿಕೊಂಡ ಆಸುಪಾಸಿನ ವರ್ಷಗಳು ನಡೆಯುತ್ತಿದ್ದವು ಎಂಬುದನ್ನು ಮರೆಯಬಾರದು; ಕ್ರೈಸ್ತರ ಬಗ್ಗೆ ಮೃದುವಾಗಿ ಬರೆಯಲು ಅದು ಸುಲಭದ ಕಾಲವಾಗಿರಲಿಲ್ಲ.

ಎಲ್ಲರೂ ಗಝಾಲಿಯಷ್ಟು ದೂರ ಹೋಗುವುದಿಲ್ಲ. ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ನವಾಯತರು ಶಾಫಿಈಗಳು. ಘಟ್ಟದ ಮೇಲಿನ ಉರ್ದು ಮನೆಗಳಲ್ಲಿ ಹನಫೀಗಳೇ ಹೆಚ್ಚು; ಇವೆರಡೂ ಸುನ್ನಿಗಳ ಧರ್ಮಶಾಸ್ತ್ರ ಪಂಥಗಳು. ಶಾಫಿಈಗಳು ಬಹುಪಾಲು ಅನುಸರಿಸುವ ಅಶ್‌ಅರಿ ಸಿದ್ಧಾಂತದ ಪ್ರಕಾರ ಸಂದೇಶ ಬರುವ ಮುಂಚೆ ಮನುಷ್ಯನ ಮೇಲೆ ಯಾವ ಹೊಣೆಯೂ ಇಲ್ಲ. ಹನಫೀಗಳ ಮಾತುರೀದಿ ಸಿದ್ಧಾಂತದಲ್ಲಿ ಅನೇಕರು, ಬೆಟ್ಟದ ತುದಿಯಲ್ಲಿ ಒಂಟಿಯಾಗಿ ಬೆಳೆದವನಿಗೂ ಸೃಷ್ಟಿಕರ್ತನೊಬ್ಬನಿದ್ದಾನೆ ಎಂದರಿಯುವಷ್ಟು ಬುದ್ಧಿ ಕೊಡಲಾಗಿದೆ, ಅಷ್ಟರ ಮಟ್ಟಿಗೆ ಅವನು ಉತ್ತರ ಹೇಳಬೇಕು ಎಂದರು. ನಮಾಜು, ಉಪವಾಸಗಳ ಲೆಕ್ಕ ಅವನಿಗಿಲ್ಲ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಕಿವಿ ಕೇಳದವನು, ಬುದ್ಧಿ ಮಂದನಾದವನು, ಮುಪ್ಪಿನಿಂದ ಅರಿವು ಕಳೆದುಕೊಂಡವನು, ಪ್ರವಾದಿಗಳಿಲ್ಲದ ಕಾಲದಲ್ಲಿ ಸತ್ತವನು ಈ ನಾಲ್ವರೂ ಅಂತ್ಯದಿನದಲ್ಲಿ ತಮ್ಮ ತಮ್ಮ ವಾದ ಮಂಡಿಸುವರು, ಅಲ್ಲಿಯೇ ಅವರಿಗೆ ಬೇರೆ ಪರೀಕ್ಷೆ ಇರುವುದು ಎಂಬ ಹದೀಸೂ (ಪ್ರವಾದಿಯವರ ಮಾತಿನ ವರದಿ) ಇದೆ. ಪರಲೋಕ ಫಲದ ಜಾಗವೇ ಹೊರತು ಪರೀಕ್ಷೆಯ ಜಾಗವಲ್ಲ ಎಂದು ಸ್ಪೇನಿನ ವಿದ್ವಾಂಸ ಇಬ್ನ್ ಅಬ್ದುಲ್ ಬರ್ ಅಂಥವರು ಅದನ್ನು ಒಪ್ಪಲಿಲ್ಲ. ಕುರ್‌ಆನ್ ವ್ಯಾಖ್ಯಾನಕಾರ ಇಬ್ನ್ ಕಸೀರ್ ಒಪ್ಪಿದರು.

ಮಕ್ಕಳ ವಿಷಯದಲ್ಲಿ ಮಾತು ಬೇಗ ಮುಗಿಯುತ್ತದೆ. ಪ್ರತಿ ಮಗುವೂ ಸಹಜ ಸ್ವಭಾವದಲ್ಲೇ ಹುಟ್ಟುತ್ತದೆ ಎಂದು ಪ್ರವಾದಿಯವರು ಹೇಳಿದ್ದಾರೆ. ಸ್ವರ್ಗದ ತೋಟದಲ್ಲಿ ಪ್ರವಾದಿ ಇಬ್ರಾಹೀಮರ ಸುತ್ತ ಮಕ್ಕಳು ನೆರೆದಿದ್ದನ್ನು ಕನಸಿನಲ್ಲಿ ಕಂಡುದನ್ನು ಅವರು ವಿವರಿಸಿದಾಗ, ಬಹುದೇವಾರಾಧಕರ ಮಕ್ಕಳೂ ಅಲ್ಲಿದ್ದರೇ ಎಂದು ಸಂಗಾತಿಗಳು ಕೇಳಿದರು; ಅವರೂ ಇದ್ದರು ಎಂದರು. ಬುಖಾರಿ ಸಂಗ್ರಹದಲ್ಲಿರುವ ಹದೀಸ್ ಇದು. ಬೇರೆ ಅಭಿಪ್ರಾಯಗಳೂ ಇದ್ದವು, ಆದರೆ ನಮ್ಮ ಕರಾವಳಿಯ ಶಾಫಿಈಗಳು ಗೌರವಿಸುವ ಇಮಾಮ್ ನವವಿ ಇದನ್ನೇ ಸರಿಯೆಂದು ಎತ್ತಿಹಿಡಿದರು.

ಶಿರಸಿಯ ಓದುಗರು ತಮ್ಮ ಪತ್ರದಲ್ಲಿ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರ ಹೆಸರು ಎತ್ತಿದ್ದಾರೆ. ಬದುಕಿಡೀ ಗಿಡ ನೆಟ್ಟು ಬೆಳೆಸಿ, ಪದ್ಮಶ್ರೀ ಪಡೆಯಲು ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ನಡೆದು, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಆ ತಾಯಿಯ ಪುಣ್ಯ ಎಲ್ಲಿಗೆ ಹೋಯಿತು ಎಂದು ಕೇಳಿದ್ದಾರೆ. ಇಂಥದೇ ಪ್ರಶ್ನೆ ಪ್ರವಾದಿಯವರ ಮನೆಯೊಳಗೇ ಎದ್ದಿತ್ತು. ಇಸ್ಲಾಮಿಗೆ ಮುಂಚಿನ ಅಜ್ಞಾನಕಾಲದಲ್ಲಿ ಬಡವರಿಗೆ ಉಣಬಡಿಸಿ, ಬಂಧುತ್ವ ಕಾಪಾಡಿಕೊಂಡಿದ್ದ ಇಬ್ನ್ ಜುದ್‌ಆನ್ ಎಂಬವರ ಒಳ್ಳೆಯತನ ಅವರಿಗೆ ಉಪಯೋಗಕ್ಕೆ ಬರುವುದೇ ಎಂದು ಪತ್ನಿ ಆಯಿಶಾ ಕೇಳಿದರು. ಬಾರದು, ಏಕೆಂದರೆ 'ಪ್ರಭೂ, ತೀರ್ಪಿನ ದಿನ ನನ್ನ ಪಾಪವನ್ನು ಕ್ಷಮಿಸು' ಎಂದು ಅವರು ಒಂದು ದಿನವೂ ಹೇಳಲಿಲ್ಲ ಎಂದು ಉತ್ತರ ಬಂತು. ಕಠಿಣವಾದ ಉತ್ತರ, ಅದನ್ನು ಮೆತ್ತಗೆ ಮಾಡಲು ನಾನು ಯತ್ನಿಸುವುದಿಲ್ಲ. ಆದರೆ ಅಲ್ಲಿ ಕೊಟ್ಟ ಕಾರಣವನ್ನು ಗಮನಿಸಬೇಕು: ಅವರ ಕುಲವನ್ನಾಗಲಿ ಹುಟ್ಟಿದ ಮನೆಯನ್ನಾಗಲಿ ಪ್ರವಾದಿಯವರು ಹೆಸರಿಸಲಿಲ್ಲ; ಆ ಮನುಷ್ಯ ತನ್ನ ಪ್ರಭುವಿನ ಕಡೆಗೆ ತಿರುಗಲೇ ಇಲ್ಲ ಎಂಬುದನ್ನು ಹೆಸರಿಸಿದರು. ಒಬ್ಬರ ಒಳಗಿನ ಈ ಸಂಗತಿಯನ್ನು ಪ್ರವಾದಿಯವರಿಗೆ ದೇವರು ತಿಳಿಸಿದ್ದಿರಬಹುದು, ನಮಗೆ ತಿಳಿಸುವುದಿಲ್ಲ. ತುಳಸಿ ಗೌಡರು ನಸುಕಿನಲ್ಲಿ ಗಿಡಕ್ಕೆ ನೀರೆರೆಯುವಾಗ ಯಾರನ್ನು ನೆನೆದರು, ಏನು ಬೇಡಿಕೊಂಡರು, ಇಸ್ಲಾಮಿನ ಬಗ್ಗೆ ಅವರ ಕಿವಿಗೆ ಬಿದ್ದಿದ್ದು ಏನು ಎಂಬುದು ನನಗೂ ಗೊತ್ತಿಲ್ಲ, ಯಾವ ಮೌಲವಿಗೂ ಗೊತ್ತಿಲ್ಲ. ಈಜಿಪ್ಟಿನ ದೊರೆ ಫಿರ್‌ಔನನು ಪ್ರವಾದಿ ಮೂಸಾರನ್ನು ಕೆಣಕಲು, ಹಾಗಾದರೆ ಹಿಂದಿನ ತಲೆಮಾರುಗಳ ಗತಿಯೇನು ಎಂದು ಕೇಳಿದ ಪ್ರಸಂಗ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ಮೂಸಾ ಆ ತಲೆಮಾರುಗಳನ್ನು ಸ್ವರ್ಗಕ್ಕೂ ಕಳಿಸಲಿಲ್ಲ, ನರಕಕ್ಕೂ ಕಳಿಸಲಿಲ್ಲ. ಅವರ ಅರಿವು ನನ್ನ ಪ್ರಭುವಿನ ಬಳಿ ಗ್ರಂಥವೊಂದರಲ್ಲಿದೆ, ಅವನು ತಪ್ಪುವವನೂ ಅಲ್ಲ ಮರೆಯುವವನೂ ಅಲ್ಲ ಎಂದಷ್ಟೇ ಹೇಳಿದರು. ಪ್ರವಾದಿಯೊಬ್ಬರು ನಿಂತ ಗೆರೆಯನ್ನು ದಾಟಿ, ಪಕ್ಕದ ಮನೆಯವರ ಪರಲೋಕವನ್ನು ಮೈಕಿನಲ್ಲಿ ಘೋಷಿಸುವ ನಮ್ಮ ಕೆಲವು ಭಾಷಣಕಾರರಿಗೆ ಆ ಅಧಿಕಾರ ಎಲ್ಲಿಂದ ಬಂತೋ ತಿಳಿಯದು.

ಇಲ್ಲಿ ಒಂದು ಆಕ್ಷೇಪ ನಮ್ಮವರಿಂದಲೇ ಬರುತ್ತದೆ. ಕರಾವಳಿಯಲ್ಲಿ ಮುಸ್ಲಿಮರು ಇಂದು ನೆನ್ನೆ ಬಂದವರಲ್ಲ. 1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಾಗ ಇಲ್ಲಿ ಗಂಡುಮಕ್ಕಳ 23 ಶಾಲೆಗಳನ್ನೂ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಕಂಡದ್ದಾಗಿ ಬರೆದಿದ್ದಾರೆ. ಇಷ್ಟು ಶತಮಾನ ಅಜಾನ್ ಕೇಳಿಸಿಕೊಂಡವರಿಗೆ ಸಂದೇಶ ತಲುಪಿಲ್ಲ ಎನ್ನುವುದು ಹೇಗೆ ಎಂದು ಅವರು ಕೇಳುತ್ತಾರೆ. ನಾನು ಅದನ್ನು ತಿರುಗಿಸಿ ಕೇಳುತ್ತೇನೆ. ಪ್ರತಿ ಪ್ರವಾದಿಯನ್ನೂ ಅವನ ಜನರ ಭಾಷೆಯಲ್ಲೇ ಕಳುಹಿಸಿದೆವು ಎನ್ನುತ್ತದೆ ಹದಿನಾಲ್ಕನೆಯ ಅಧ್ಯಾಯ. ನಮ್ಮ ಖುತ್ಬಾ (ಶುಕ್ರವಾರದ ಪ್ರವಚನ) ಅರಬಿಯಲ್ಲಿ, ಬಯಾನ್ (ಧಾರ್ಮಿಕ ಭಾಷಣ) ಉರ್ದುವಿನಲ್ಲಿ, ಮನೆಮಾತು ನವಾಯತಿಯಲ್ಲಿ, ಅದನ್ನು ಬರೆಯುವುದು ಅರಬಿ ಲಿಪಿಯಲ್ಲಿ. ಕನ್ನಡದಲ್ಲಿ ಕುರ್‌ಆನಿನ ಅನುವಾದಗಳು ಸಿಗತೊಡಗಿದ್ದು ಈಚಿನ ಕಾಲದಲ್ಲಿ. ಮೀನು ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ಜೊತೆಯಲ್ಲೇ ದುಡಿಯುವ ನಾಮಧಾರಿ, ಹಾಲಕ್ಕಿ, ಮೊಗವೀರ ನೆರೆಯವರಿಗೆ ನಾವು ಈ ನಂಬಿಕೆಯ ಕುರಿತು ಕನ್ನಡದಲ್ಲಿ ಹೇಳಿದ್ದೆಷ್ಟು? ಅವರಿಗೆ ತಲುಪಿದ್ದು ಸಂಜೆಯ ಟಿವಿ ಚರ್ಚೆ, ವಾಟ್ಸ್ಆ್ಯಪಿನ ತುಣುಕುಗಳು, ಚುನಾವಣೆ ಬಂದಾಗ ಎರಡೂ ಕಡೆಯಿಂದ ಕೇಳುವ ಬೈಗುಳ, ಮತ್ತು ನಮ್ಮ ವ್ಯಾಪಾರದ ನಡವಳಿಕೆ. ಗಝಾಲಿಯವರ ಮೂರನೆಯ ವರ್ಗವನ್ನು ಹುಡುಕಲು ರೂಮಿನವರೆಗೆ ಹೋಗಬೇಕಾಗಿಲ್ಲ. ಹೊಣೆಯ ಪ್ರಶ್ನೆ ಬಂದರೆ, ತಪ್ಪಾಗಿ ಕೇಳಿದವನಿಗಿಂತ ಮೊದಲು ತಪ್ಪಾಗಿ ಕೇಳಿಸಿದವನನ್ನು ಕರೆಯಬೇಕಾಗಬಹುದು.

ಹಾಗಾದರೆ ಏನನ್ನೂ ಹೇಳದೆ ಸುಮ್ಮನಿದ್ದರೇ ಒಳ್ಳೆಯದಲ್ಲವೇ, ಕೇಳದವನಿಗೆ ವಿನಾಯಿತಿ, ಕೇಳಿದವನಿಗೆ ಅಪಾಯ ಎಂದು ಕಾಲೇಜಿನ ಹುಡುಗರು ಕೇಳುವುದುಂಟು. ಜಾಣ ಪ್ರಶ್ನೆ. ಸತ್ಯವೆಂದು ನಂಬಿದ್ದನ್ನು ಹೇಳುವುದು ನಂಬಿದವನ ಕರ್ತವ್ಯ, ಹೇಳಿದ ಮೇಲೆ ಏನಾಗುತ್ತದೆಂಬುದು ಅವನ ಕೈಯಲ್ಲಿಲ್ಲ. ವಿನಾಯಿತಿ ಎಂದರೆ ಶಿಕ್ಷೆಯಿಲ್ಲ ಎಂದಷ್ಟೇ, ದೇವರನ್ನು ಅರಿತು ಬದುಕುವುದರಲ್ಲಿ ನಾವು ಕಾಣುವ ಭಾಗ್ಯ ಅದರಲ್ಲಿ ಬರುವುದಿಲ್ಲ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ಮುಸ್ಲಿಮರ ಮನೆಯಲ್ಲಿ ಹುಟ್ಟಿದವರಿಗೆ ಹೆಸರಿನಿಂದಲೇ ಸ್ವರ್ಗ ಎಂಬ ತಿಳಿವಳಿಕೆಯೂ ಕುರ್‌ಆನಿನಲ್ಲಿ ನಿಲ್ಲುವುದಿಲ್ಲ. ಇದು ನಿಮ್ಮ ಬಯಕೆಗಳಂತೆಯೂ ನಡೆಯದು, ಗ್ರಂಥದವರ ಬಯಕೆಗಳಂತೆಯೂ ನಡೆಯದು, ಕೆಡುಕು ಮಾಡಿದವನು ಅದರ ಪ್ರತಿಫಲ ಪಡೆಯುವನು ಎಂದು ನಾಲ್ಕನೆಯ ಅಧ್ಯಾಯದ 123ನೇ ಸೂಕ್ತ ಮುಸ್ಲಿಮರನ್ನೇ ಉದ್ದೇಶಿಸಿ ಹೇಳಿದೆ. ಹುಟ್ಟು ಒಬ್ಬನನ್ನು ನರಕಕ್ಕೆ ಒಯ್ಯುವುದಿಲ್ಲವೆಂದ ಮೇಲೆ ಅದು ಇನ್ನೊಬ್ಬನನ್ನು ಸ್ವರ್ಗಕ್ಕೆ ಒಯ್ಯುವುದೂ ಇಲ್ಲ. ಸಂದೇಶ ಕೈಗೆಟುಕುವಲ್ಲೇ ಹುಟ್ಟಿದ ನಮ್ಮ ಲೆಕ್ಕವೇ ಹೆಚ್ಚು ಬಿಗಿಯಾಗಿರುತ್ತದೆ ಎಂದು ನನ್ನ ಅಂದಾಜು.

ಪತ್ರದ ಕೊನೆಯಲ್ಲಿ ಆ ಓದುಗರು, ನಾನು ನರಕಕ್ಕೆ ಹೋಗುತ್ತೇನೆಂದು ನೀವು ನಂಬುತ್ತೀರಾ ಎಂದು ಮುಸ್ಲಿಂ ಓದುಗರನ್ನು ಕೇಳಿದ್ದಾರೆ. ನಾನು ಅದನ್ನು ನಂಬುವುದಿಲ್ಲ, ನಂಬದಿರುವುದಕ್ಕೂ ನನಗೆ ಆಧಾರ ಬೇಕಾಗಿಲ್ಲ, ಏಕೆಂದರೆ ಯಾವುದೇ ವ್ಯಕ್ತಿಯ ಹೆಸರು ಹಿಡಿದು ಹಾಗೆ ತೀರ್ಮಾನಿಸಲು ನನ್ನ ಧರ್ಮ ನನಗೆ ಅನುಮತಿ ಕೊಟ್ಟಿಲ್ಲ. ಪ್ರವಾದಿ ಮುಹಮ್ಮದರು ತಂದದ್ದು ಸತ್ಯವೆಂದು ನಂಬುತ್ತೇನೆ. ಅದನ್ನು ಯಾರ ಬಾಯಿಯ ಮೂಲಕವೂ ಅಲ್ಲದೆ ನೇರವಾಗಿ ಓದಿ ನೋಡಬೇಕೆಂದು ಅವರನ್ನು ಕೋರುತ್ತೇನೆ. ಓದಿದ ಮೇಲೆ ಅವರು ಒಪ್ಪದೆ ಹೋದರೂ ಅದು ಅವರಿಗೂ ಅವರನ್ನು ಸೃಷ್ಟಿಸಿದವನಿಗೂ ಸಂಬಂಧಿಸಿದ ವಿಷಯ. ಹೊನ್ನಾವರದ ಕಡೆ ಬಂದಾಗ ಅವರು ನಮ್ಮ ಮನೆಗೆ ಬಂದರೆ ಈ ಮಾತನ್ನು ಇನ್ನೂ ವಿವರವಾಗಿ ಮುಂದುವರಿಸಬಹುದು. ವಿಳಾಸವನ್ನು ನಿಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಹೊನ್ನಾವರ